ಆನ್‌ಲೈನ್ ತರಗತಿ ಮತ್ತು ಮರಳಿ ಬಾರದ ವಿದ್ಯಾರ್ಥಿ

ಆನ್‌ಲೈನ್ ಪಾಠವು ತರಗತಿಯ ಪಾಠಕ್ಕೆ ಸಾಟಿಯಾಗಬಲ್ಲುದೇ ಎಂಬ ಪ್ರಶ್ನೆಯನ್ನು ಅಮೆರಿಕದ ಕಮ್ಯುನಿಟಿ ಕಾಲೇಜುಗಳಷ್ಟು ದೀರ್ಘಕಾಲ, ಅಷ್ಟು ದೊಡ್ಡ ಪ್ರಮಾಣದಲ್ಲಿ ಎದುರಿಸಿದ ಶಿಕ್ಷಣ ಸಂಸ್ಥೆಗಳು ವಿರಳ. ಕಮ್ಯುನಿಟಿ ಕಾಲೇಜು ಎಂದರೆ ಸರ್ಕಾರದ ಅನುದಾನದಿಂದ ಸ್ಥಳೀಯರಿಗಾಗಿ ನಡೆಯುವ, ಬಂದವರಿಗೆಲ್ಲ ಬಾಗಿಲು ತೆರೆದಿರುವ ಎರಡು ವರ್ಷದ ಕಾಲೇಜು. ಕರ್ನಾಟಕದ ಪಾಲಿಟೆಕ್ನಿಕ್, ಸಂಜೆ ಕಾಲೇಜು ಹಾಗೂ ಪದವಿಯ ಮೊದಲೆರಡು ವರ್ಷಗಳನ್ನು ಒಂದೇ ಸೂರಿನಡಿ ತಂದರೆ ಅದರ ಸ್ವರೂಪ ಸ್ವಲ್ಪಮಟ್ಟಿಗೆ ಕಣ್ಣಿಗೆ ಕಟ್ಟೀತು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಮೊದಲ್ಗೊಂಡ ಈ ಪರಂಪರೆಗೆ, ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗದ 1947ರ ವರದಿಯಿಂದ ಇಂದಿನ ಹೆಸರು ಪ್ರಚಾರಕ್ಕೆ ಬಂದಿತು. ಈಗ ಇಂಥ ಸಂಸ್ಥೆಗಳ ಸಂಖ್ಯೆ ಸುಮಾರು ಒಂದು ಸಾವಿರ. ಇಲ್ಲಿ ಕಲಿಯುವವರಲ್ಲಿ ಹೆಚ್ಚಿನವರು ಅರೆಕಾಲಿಕ ವಿದ್ಯಾರ್ಥಿಗಳು. ರಾತ್ರಿ ಪಾಳಿ ಮುಗಿಸಿ ಬರುವ ಕಾರ್ಮಿಕರು, ಮಕ್ಕಳ ತಾಯಂದಿರು, ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ಇವರಲ್ಲಿದ್ದಾರೆ.

ಈ ವಿದ್ಯಾರ್ಥಿಗಳ ಮೇಲೆ ಆನ್‌ಲೈನ್ ಶಿಕ್ಷಣ ಬೀರುವ ಪರಿಣಾಮದ ಕುರಿತ ಗಂಭೀರ ಸಂಶೋಧನೆ ಕೋವಿಡ್‌ಗಿಂತ ಬಹಳ ಹಿಂದೆಯೇ ಆರಂಭವಾಗಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ 1996ರಲ್ಲಿ ಸ್ಥಾಪಿತವಾದ ಕಮ್ಯುನಿಟಿ ಕಾಲೇಜು ಸಂಶೋಧನಾ ಕೇಂದ್ರದ ಡಿ ಷು ಮತ್ತು ಶಾನಾ ಸ್ಮಿತ್ ಜ್ಯಾಗರ್ಸ್ ಅವರು ವಾಷಿಂಗ್ಟನ್ ರಾಜ್ಯದ 40,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ತೆಗೆದುಕೊಂಡ ಸುಮಾರು 5 ಲಕ್ಷ ಕೋರ್ಸ್‌ಗಳ ದಾಖಲೆಗಳನ್ನು ಪರಿಶೀಲಿಸಿ, ಒಬ್ಬನೇ ವಿದ್ಯಾರ್ಥಿ ಆನ್‌ಲೈನ್ ಕೋರ್ಸಿನಲ್ಲಿ ತರಗತಿಯ ಕೋರ್ಸಿಗಿಂತ ಹಿಂದೆ ಬೀಳುತ್ತಾನೆ ಎಂದೂ, ಗಂಡು ಹುಡುಗರು, ಕಿರಿಯ ವಯಸ್ಸಿನವರು, ಕಪ್ಪು ಜನಾಂಗದವರು ಹಾಗೂ ಮೊದಲೇ ಅಂಕಗಳಲ್ಲಿ ಹಿಂದುಳಿದವರು ಹೆಚ್ಚು ಕುಸಿಯುತ್ತಾರೆ ಎಂದೂ 2014ರಲ್ಲಿ ಪ್ರಕಟಿಸಿದರು. ಅದೇ ವರ್ಷ ಕ್ಯಾಲಿಫೋರ್ನಿಯಾದ ಅಧ್ಯಯನವೊಂದು ಆನ್‌ಲೈನ್ ಕೋರ್ಸ್‌ಗಳ ತೇರ್ಗಡೆ ಪ್ರಮಾಣ ಶೇಕಡಾ 11ರಿಂದ 14 ಅಂಶಗಳಷ್ಟು ಕಡಿಮೆಯೆಂದು ತೋರಿಸಿತು. ಆದರೆ ಕೆಲವು ಕೋರ್ಸ್‌ಗಳನ್ನಾದರೂ ಆನ್‌ಲೈನಿನಲ್ಲಿ ಮಾಡಿದವರು ಕೊನೆಗೆ ಪದವಿ ಪಡೆಯುವ ಅಥವಾ ವಿಶ್ವವಿದ್ಯಾಲಯಕ್ಕೆ ವರ್ಗವಾಗುವ ಸಂಭವ ಹೆಚ್ಚೆಂದೂ ಅದೇ ಅಧ್ಯಯನ ಹೇಳಿತು. ಪೀಟರ್ ಶಿಯಾ ಮತ್ತು ತೆಮಿ ಬಿಜೆರಾನೊ ಅವರು ಇಡೀ ದೇಶದ ಮಾಹಿತಿಯಿಂದ ಕಂಡುಕೊಂಡದ್ದೂ ಇಂಥದ್ದೇ.

ಒಂದೊಂದು ಕೋರ್ಸಿನಲ್ಲಿ ಸೋಲು, ಒಟ್ಟು ಪದವಿಯಲ್ಲಿ ಗೆಲುವು ಎಂಬ ಈ ವೈರುಧ್ಯವನ್ನು ಲೆಕ್ಕದ ತಪ್ಪೆಂದು ತಳ್ಳಿಹಾಕುವಂತಿಲ್ಲ. ಅದರ ಒಂದು ಭಾಗಕ್ಕೆ ಆಯ್ಕೆಯ ಒಲವು ಕಾರಣವಾಗಿರಬಹುದು, ಎಂದರೆ ಆನ್‌ಲೈನ್ ಆರಿಸಿಕೊಂಡವರು ಮೊದಲಿನಿಂದಲೇ ಛಲವುಳ್ಳವರಾಗಿದ್ದು ಆ ಛಲದ ಫಲವನ್ನು ಸಂಶೋಧಕರು ತಂತ್ರಜ್ಞಾನದ ಖಾತೆಗೆ ಜಮೆ ಮಾಡಿರಬಹುದು. ಇನ್ನೊಂದು ಭಾಗ ಇದಕ್ಕಿಂತ ಮುಖ್ಯವಾದದ್ದು. ಸಂಜೆ ಆರರ ತರಗತಿಗೆ ಬರಲಾಗದ ಆಸ್ಪತ್ರೆಯ ಸಹಾಯಕಿಯೊಬ್ಬಳಿಗೆ ಆನ್‌ಲೈನ್ ಕೋರ್ಸಿಗೆ ಬದಲಿಯಾಗಿ ಸಿಗುವುದು ಒಳ್ಳೆಯ ತರಗತಿಯಲ್ಲ, ಆ ಸೆಮಿಸ್ಟರಿನಲ್ಲಿ ಆ ಕೋರ್ಸೇ ಇಲ್ಲದ ಸ್ಥಿತಿ. ಕಡಿಮೆ ಅಂಕ ಬಂದರೂ ಆಕೆ ಒಂದು ಹೆಜ್ಜೆ ಮುಂದೆ ಇಟ್ಟಿರುತ್ತಾಳೆ. ಆದುದರಿಂದ ಆನ್‌ಲೈನ್ ಒಳ್ಳೆಯದೇ ಕೆಟ್ಟದ್ದೇ ಎಂದು ಒಟ್ಟಾಗಿ ಕೇಳಿದರೆ ಉತ್ತರ ದೊರೆಯದು. ಯಾರಿಗೆ, ಯಾವುದಕ್ಕೆ ಬದಲಾಗಿ, ಯಾರ ನೆರವಿನೊಂದಿಗೆ ಎಂಬ ಮೂರನ್ನೂ ಕೂಡಿಸಿಯೇ ಕೇಳಬೇಕಾಗುತ್ತದೆ.

2020ರ ಮಾರ್ಚ್ ಈ ಮೂರನ್ನೂ ಒಮ್ಮೆಗೇ ಬದಲಿಸಿತು. ಆರಿಸಿಕೊಂಡವರಿಗಷ್ಟೇ ಇದ್ದ ಆನ್‌ಲೈನ್ ಎಲ್ಲರಿಗೂ ಕಡ್ಡಾಯವಾಯಿತು. ತಿಂಗಳುಗಟ್ಟಲೆ ಯೋಜಿಸಿ ರೂಪಿಸುವ ಕೋರ್ಸನ್ನು ಅಧ್ಯಾಪಕರು ಒಂದೆರಡು ವಾರಗಳಲ್ಲಿ ಕಟ್ಟಬೇಕಾಯಿತು. ಇದನ್ನು ಆನ್‌ಲೈನ್ ಶಿಕ್ಷಣವೆಂದು ಕರೆಯದೆ ತುರ್ತು ದೂರಬೋಧನೆ ಎಂದು ಪ್ರತ್ಯೇಕಿಸಬೇಕೆಂದು ಚಾರ್ಲ್ಸ್ ಹಾಜಸ್ ಮತ್ತು ಸಂಗಡಿಗರು ಅದೇ ತಿಂಗಳು ಬರೆದರು, ಮತ್ತು ಆ ಭೇದವನ್ನು ಮರೆತ ಸಂಶೋಧನೆಗಳೆಲ್ಲ ದಾರಿ ತಪ್ಪಿವೆ ಎಂದರೆ ಅತಿಯಾಗದು. ವರ್ಜೀನಿಯಾದ ಕಮ್ಯುನಿಟಿ ಕಾಲೇಜುಗಳ ಅಧ್ಯಯನವೊಂದು ಇಲ್ಲಿ ಮೆಚ್ಚಬೇಕಾದ ಜಾಣ್ಮೆ ತೋರಿತು: ಆ ಸೆಮಿಸ್ಟರನ್ನು ಮೊದಲಿನಿಂದಲೇ ಆನ್‌ಲೈನಿನಲ್ಲಿ ಓದುತ್ತಿದ್ದವರನ್ನೂ ಮಧ್ಯದಲ್ಲಿ ತರಗತಿ ಬಿಟ್ಟು ಪರದೆಯ ಮುಂದೆ ಕೂರಬೇಕಾದವರನ್ನೂ ಹೋಲಿಸಿದ್ದರಿಂದ, ಇಬ್ಬರಿಗೂ ಸಮಾನವಾಗಿ ತಟ್ಟಿದ ರೋಗಭಯ ಮತ್ತು ಉದ್ಯೋಗನಷ್ಟಗಳಿಂದ ಬೋಧನೆಯ ಬದಲಾವಣೆಯ ಪರಿಣಾಮವನ್ನು ಬೇರ್ಪಡಿಸಲು ಸಾಧ್ಯವಾಯಿತು. ಪಾಠ ಬದಲಾದವರಲ್ಲಿ ಕೋರ್ಸನ್ನು ಪೂರ್ಣಗೊಳಿಸಿದವರು ಕಡಿಮೆಯಾಗಿದ್ದರು. ಅದೇ ದಿನಗಳಲ್ಲಿ ಹಲವು ಕಾಲೇಜುಗಳು ವೈ-ಫೈಯನ್ನು ತಮ್ಮ ವಾಹನ ನಿಲ್ದಾಣಗಳಿಗೆ ವಿಸ್ತರಿಸಿದವು. ಮುಚ್ಚಿದ ಗ್ರಂಥಾಲಯದ ಎದುರು ಕಾರು ನಿಲ್ಲಿಸಿಕೊಂಡು, ಸ್ಟಿಯರಿಂಗ್‌ಗೆ ಲ್ಯಾಪ್‌ಟಾಪ್ ಆನಿಸಿ ವಿದ್ಯಾರ್ಥಿಗಳು ಪಾಠ ಕೇಳಿದರು, ಪರೀಕ್ಷೆ ಬರೆದರು. ಕಾರಿಲ್ಲದವರ ಪಾಡು ಯಾವ ಅಂಕಿಅಂಶದಲ್ಲೂ ಸರಿಯಾಗಿ ಸೇರಿಲ್ಲ.

ನಂತರ ಬಂದದ್ದು ದಾಖಲಾತಿಯ ಕುಸಿತ. ಅಮೆರಿಕದಲ್ಲಿ ಆರ್ಥಿಕ ಹಿಂಜರಿತ ಬಂದಾಗಲೆಲ್ಲ ಕೆಲಸ ಕಳೆದುಕೊಂಡವರು ಕಮ್ಯುನಿಟಿ ಕಾಲೇಜಿನ ಕಡೆ ತಿರುಗುವುದು ವಾಡಿಕೆಯಾಗಿದ್ದು, 2008ರ ಹಿಂಜರಿತದ ತರುವಾಯ ಹೀಗೆಯೇ ಆಗಿತ್ತು. 2020ರಲ್ಲಿ ಅದು ತಲೆಕೆಳಗಾಯಿತು. ನಾಲ್ಕು ವರ್ಷದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಳಿಕೆ ಅಲ್ಪವಾಗಿದ್ದರೆ, ಕಮ್ಯುನಿಟಿ ಕಾಲೇಜುಗಳ ದಾಖಲಾತಿ ಆ ಶರತ್ಕಾಲದಲ್ಲಿ ಸುಮಾರು ಶೇಕಡಾ 10ರಷ್ಟು ಇಳಿಯಿತು; ಹೊಸದಾಗಿ ಸೇರುವವರ ಸಂಖ್ಯೆಯಂತೂ ಸುಮಾರು ಶೇಕಡಾ 21ರಷ್ಟು ಕುಗ್ಗಿತು, ಮತ್ತು ಗಂಡಸರ ಇಳಿಕೆ ಹೆಂಗಸರದಕ್ಕಿಂತ ತೀವ್ರವಾಗಿತ್ತು. ವೆಲ್ಡಿಂಗ್, ವಾಹನ ದುರಸ್ತಿ, ಶುಶ್ರೂಷೆ ಮೊದಲಾದ ಕೈಕೆಲಸದ ವಿದ್ಯೆಗಳನ್ನು ಪರದೆಯ ಮೇಲೆ ಕಲಿಸಲಾಗದು ಎಂಬುದು ಒಂದು ಕಾರಣ. ಶಾಲೆಗಳು ಮುಚ್ಚಿ ಮಕ್ಕಳು ಮನೆಯಲ್ಲೇ ಉಳಿದದ್ದು ಇನ್ನೊಂದು.

ಸರ್ಕಾರದ ನೆರವೂ ಆರಂಭದಲ್ಲಿ ಈ ವಿದ್ಯಾರ್ಥಿಗಳ ವಾಸ್ತವವನ್ನು ಅರಿಯಲಿಲ್ಲ. 2020ರ ಮಾರ್ಚಿನ ಕೋವಿಡ್ ಪರಿಹಾರದ ಕೇರ್ಸ್ ಕಾಯ್ದೆಯಡಿ ಉನ್ನತ ಶಿಕ್ಷಣಕ್ಕೆ ಮೀಸಲಾದ ಸುಮಾರು 1,400 ಕೋಟಿ ಡಾಲರನ್ನು ಹಂಚುವಾಗ ಪೂರ್ಣಾವಧಿ ಸಮಾನ ಸಂಖ್ಯೆ ಎಂಬ ಅಳತೆಗೋಲನ್ನು ಬಳಸಲಾಯಿತು, ಅಂದರೆ ಮೂರನೇ ಒಂದರಷ್ಟು ಹೊರೆಯ ಕೋರ್ಸ್ ತೆಗೆದುಕೊಂಡ ಮೂವರನ್ನು ಒಬ್ಬ ವಿದ್ಯಾರ್ಥಿಯೆಂದು ಎಣಿಸಲಾಯಿತು. ಮೂವರಿಗೂ ಮೂರು ಲ್ಯಾಪ್‌ಟಾಪ್ ಬೇಕು, ಮೂವರ ಮನೆಯಲ್ಲೂ ಊಟದ ಚಿಂತೆ ಇದೆ ಎಂಬುದು ಆ ಸೂತ್ರಕ್ಕೆ ಕಾಣಲಿಲ್ಲ. ಅದೇ ಡಿಸೆಂಬರಿನ ಎರಡನೇ ಕಾಯ್ದೆಯಲ್ಲಿ ತಲೆಎಣಿಕೆಗೂ ಸ್ಥಾನ ಕೊಟ್ಟು ಈ ಅನ್ಯಾಯವನ್ನು ತಕ್ಕಮಟ್ಟಿಗೆ ಸರಿಪಡಿಸಲಾಯಿತು.

ನೆರವು ಯಾವ ರೂಪದಲ್ಲಿರಬೇಕು ಎಂಬುದಕ್ಕೆ ಕೋವಿಡ್‌ಗೆ ಮುಂಚಿನ ಪ್ರಯೋಗವೇ ಒಳ್ಳೆಯ ಸಾಕ್ಷಿ. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯವು 2007ರಲ್ಲಿ ಆರಂಭಿಸಿದ ಎಸ್ಯಾಪ್ ಕಾರ್ಯಕ್ರಮವು ವಿದ್ಯಾರ್ಥಿಗೆ ಶುಲ್ಕದ ಕೊರತೆ ತುಂಬಿಕೊಟ್ಟು, ಬಸ್ಸು ಮತ್ತು ಸುರಂಗ ರೈಲಿನ ಪಾಸು ಒದಗಿಸಿ, ಮೇಲಿಂದ ಮೇಲೆ ಭೇಟಿಯಾಗುವ ಸಲಹೆಗಾರರನ್ನು ನೇಮಿಸಿತು. ಲಾಟರಿಯ ಮೂಲಕ ಎರಡು ಗುಂಪುಗಳನ್ನು ವಿಂಗಡಿಸಿ ನಡೆಸಿದ ಪರೀಕ್ಷೆಯಲ್ಲಿ, ಮೂರು ವರ್ಷದೊಳಗೆ ಪದವಿ ಪಡೆದವರ ಪ್ರಮಾಣ ಶೇಕಡಾ 22ರಿಂದ 40ಕ್ಕೆ ಏರಿತು. ಆನ್‌ಲೈನ್ ಶಿಕ್ಷಣದಲ್ಲಿ ಇಂಥ ಒಡನಾಟ ಇನ್ನೂ ಹೆಚ್ಚು ಬೇಕಾಗುತ್ತದೆ, ಏಕೆಂದರೆ ವೇಳೆ ಹೊಂದಿಸಿಕೊಳ್ಳುವ, ತಿಳಿಯದ್ದನ್ನು ತಾನೇ ಕೇಳುವ, ಮುಂದೂಡದೆ ಓದುವ ಹೊಣೆಯೆಲ್ಲ ಅಲ್ಲಿ ವಿದ್ಯಾರ್ಥಿಯ ಹೆಗಲಿಗೇ ಬೀಳುತ್ತದೆ. ಅಮೆರಿಕದ ಕಾನೂನು ಕೂಡ ಅಧ್ಯಾಪಕರ ನಿಯಮಿತವೂ ಸತ್ವಯುತವೂ ಆದ ಸಂಪರ್ಕವಿಲ್ಲದ ಕೋರ್ಸನ್ನು ಆನ್‌ಲೈನ್ ಶಿಕ್ಷಣವೆಂದು ಒಪ್ಪದೆ, ಕನ್ನಡಿಗರು ಅಂಚೆ ತೆರಪಿನ ಶಿಕ್ಷಣವೆಂದು ಬಲ್ಲ ವರ್ಗಕ್ಕೆ ಸೇರಿಸುತ್ತದೆ. ಕಟ್ಟಡದ ಖರ್ಚು ಉಳಿಯಿತೆಂದು ಆನ್‌ಲೈನ್ ವಿಸ್ತರಿಸಿ, ಉಳಿದ ಹಣವನ್ನು ಸಲಹೆಗಾರರ ಮೇಲೆ ತೊಡಗಿಸದ ಕಾಲೇಜು ತನ್ನ ಅತ್ಯಂತ ದುರ್ಬಲ ವಿದ್ಯಾರ್ಥಿಯನ್ನು ಕೈಬಿಟ್ಟಂತೆಯೇ.

ಈಗ ದಾಖಲಾತಿ ಮತ್ತೆ ಏರುತ್ತಿದ್ದು, ಚೇತರಿಕೆ ಎಂಬ ಮಾತು ಧಾರಾಳವಾಗಿ ಕೇಳಿಬರುತ್ತಿದೆ. ಆದರೆ ಇಂದು ಕಮ್ಯುನಿಟಿ ಕಾಲೇಜಿನ ಪಟ್ಟಿಯಲ್ಲಿರುವ ಸುಮಾರು ಐವರಲ್ಲಿ ಒಬ್ಬರು ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜಿನ ಕೋರ್ಸ್ ಮಾಡುವ ಮಕ್ಕಳು; ಕ್ಯಾಲಿಫೋರ್ನಿಯಾದ ಆನ್‌ಲೈನ್ ಕೋರ್ಸ್‌ಗಳಲ್ಲಿ ವಿದ್ಯಾರ್ಥಿವೇತನದ ಹಣ ಲಪಟಾಯಿಸಲು ನೋಂದಾಯಿಸಿಕೊಂಡ ನಕಲಿ ವಿದ್ಯಾರ್ಥಿಗಳೂ ಪತ್ತೆಯಾಗಿದ್ದಾರೆ. ಸಂಖ್ಯೆ ತುಂಬಿದ ಮಾತ್ರಕ್ಕೆ ಬಿಟ್ಟುಹೋದವರು ಮರಳಿ ಬಂದರೆಂದು ಹೇಳಲಾಗದು. ಅಮೆರಿಕದ ಅಂಕಪಟ್ಟಿಯಲ್ಲಿ ಕೋರ್ಸನ್ನು ಅರ್ಧಕ್ಕೆ ಬಿಟ್ಟವರ ಹೆಸರಿನ ಮುಂದೆ ‘ಡಬ್ಲ್ಯೂ’ ಎಂಬ ಒಂದೇ ಅಕ್ಷರವಿರುತ್ತದೆ. ತಾಯಿಯ ಕಾಯಿಲೆಗೂ, ಬದಲಾದ ಪಾಳಿಗೂ, ಕೈಕೊಟ್ಟ ಇಂಟರ್‌ನೆಟ್ಟಿಗೂ ಅದೇ ಅಕ್ಷರ. ಕ್ಯಾಲಿಫೋರ್ನಿಯಾದಲ್ಲಿ ಮೊದಲೇ ಇದ್ದ, ವಿದ್ಯಾರ್ಥಿಯ ಪ್ರಗತಿಗೆ ಚ್ಯುತಿಯೆಂದು ಗಣಿಸದ ‘ಇ ಡಬ್ಲ್ಯೂ’ ಎಂಬ ಗುರುತನ್ನು 2020ರಲ್ಲಿ ವ್ಯಾಪಕವಾಗಿ ಬಳಸಲಾಯಿತು. ಅದು ಮಾನವೀಯವಾದ ಕ್ರಮವೇ ಆಗಿದ್ದರೂ ಹಿಂದಿನ ಮತ್ತು ನಂತರದ ವರ್ಷಗಳ ಹೋಲಿಕೆಯನ್ನು ಕಷ್ಟವಾಗಿಸಿದೆ. ಸೆಮಿಸ್ಟರಿನ ಮೊದಲ ದಿನಗಳಲ್ಲೇ ಹೊರಟುಹೋದವರಿಗೆ ಆ ಅಕ್ಷರವೂ ಇಲ್ಲ. ಸೇರಬೇಕೆಂದುಕೊಂಡು ಸೇರದೇ ಉಳಿದವರಿಗೆ ಅಂಕಪಟ್ಟಿಯೇ ಇಲ್ಲ. ಚೇತರಿಕೆಯನ್ನು ಅಳೆಯಹೊರಟ ಸಂಶೋಧಕರು ಕಾಲೇಜಿನ ಕಡತಗಳ ಆಚೆಗೆ, ಈ ಜನ ಈಗ ದುಡಿಯುತ್ತಿರುವ ಗೋದಾಮುಗಳಿಗೆ, ಅಡುಗೆಮನೆಗಳಿಗೆ, ವೃದ್ಧಾಶ್ರಮಗಳಿಗೆ ಹೋಗಿ, ಓದು ನಿಂತದ್ದು ಏಕೆ, ಏನು ಸಿಕ್ಕಿದರೆ ಮತ್ತೆ ಸೇರುತ್ತೀರಿ ಎಂದು ಅವರನ್ನೇ ಕೇಳಬೇಕು.