ಮೂರು ಕೇಜಿ ಲೆನ್ಸೂ, ಅಂಗಳದ ಮಡಿವಾಳ ಹಕ್ಕಿಯೂ

ಮೊದಲೇ ಹೇಳಿಬಿಡ್ತೇನೆ, ಇದು ಜಗಳದ ಬರಹ. ಜಗಳ ಯಾರ ಜೊತೆ ಅಂದ್ರೆ, "600 ಎಂಎಂ ಲೆನ್ಸ್ ಇಲ್ಲದೆ ಹಕ್ಕಿ ಫೋಟೋಗ್ರಫಿಗೆ ಇಳೀಲೇಬೇಡಿ" ಅಂತ ಉಪದೇಶ ಮಾಡ್ತಾರಲ್ಲ, ಆ ಮಹಾನುಭಾವರ ಜೊತೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಹೋಂಸ್ಟೇಗಳಲ್ಲಿ ಇಂಥವರು ಆಗಾಗ ಸಿಗ್ತಾರೆ. ಹೆಗಲ ಮೇಲೆ ಫಿರಂಗಿಯಂಥ ಲೆನ್ಸು. 600 ಎಂಎಂ ಎಫ್/4 ಹೊಸದು ಬೇಕು ಅಂದ್ರೆ ಹತ್ತು ಲಕ್ಷ ದಾಟುತ್ತೆ, ತೂಕ ಮೂರು ಕೇಜಿ. ತಗೊಳ್ಳಲಿ ಮಾರಾಯ್ರೆ, ಅವರ ದುಡ್ಡು, ಅವರ ಹೆಗಲು. ನನ್ನ ತಕರಾರು ಅದಲ್ಲ. ತೋಟದ ರೈಟರ ಮಗ ಹತ್ತಿರ ಬಂದು "ಸಾರ್, ನಾನೂ ಹಕ್ಕಿ ಫೋಟೋ ತೆಗೀಬೇಕು, ಎಂತ ಲೆನ್ಸ್ ತಗೊಳ್ಳಲಿ?" ಅಂತ ಕೇಳಿದಾಗ ಆ ಹತ್ತು ಲಕ್ಷದ ಲೆಕ್ಕ ಹೇಳಿ ಕಳಿಸ್ತಾರಲ್ಲ, ಅದು ನನ್ನ ತಕರಾರು. ಅವನ ಆಸೆ ಅಲ್ಲಿಗೆ ಮುಗೀತು. ಎರಡು ದಿನಕ್ಕೆ ಬಂದವರು ಫೋಟೋ ತೆಗೀತಾರೆ, ವರ್ಷವಿಡೀ ಆ ಹಕ್ಕಿ ಜೊತೆ ಬದುಕೋನು ಪಕ್ಕದಲ್ಲಿ ಟ್ರೈಪಾಡ್ ಹಿಡ್ಕೊಂಡು ನಿಲ್ತಾನೆ!

ಈಗ ಸ್ವಲ್ಪ ಲೆಕ್ಕ ಮಾಡೋಣ. 12 ಮೀಟರ್ ದೂರದ ಹಕ್ಕಿ 600 ಎಂಎಂನಲ್ಲಿ ಎಷ್ಟು ದೊಡ್ಡದಾಗಿ ಬೀಳುತ್ತೋ, 6 ಮೀಟರ್ ದೂರದ ಹಕ್ಕಿ 300 ಎಂಎಂನಲ್ಲೂ ಅಷ್ಟೇ ದೊಡ್ಡದಾಗಿ ಬೀಳುತ್ತೆ. ಮಡಿವಾಳ ಹಕ್ಕಿ ಸುಮಾರು 19 ಸೆಂ.ಮೀ. ಉದ್ದ. ಸಾಮಾನ್ಯ ಕ್ರಾಪ್ ಸೆನ್ಸರ್ ಕ್ಯಾಮೆರಾದಲ್ಲಿ 6 ಮೀಟರಿನಿಂದ 300ರಲ್ಲಿ ತೆಗೆದರೆ ಫ್ರೇಮಿನ ಅಗಲದ ಐದರಲ್ಲಿ ಎರಡು ಪಾಲು ಅದೇ ತುಂಬುತ್ತೆ. ಇನ್ನೆಷ್ಟು ಬೇಕು ಸ್ವಾಮಿ? ಬೆಂಗಳೂರಿನವರು 300 ಎಂಎಂ ಹೆಚ್ಚಿಗೆ ಕೊಂಡು ತರೋದನ್ನು ತೋಟದವನು ಕಣದ ಮೂಲೆಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ಸಂಪಾದಿಸಬಹುದು.

"ಹತ್ತಿರ ಹೋದರೆ ಹಕ್ಕಿಗೆ ತೊಂದರೆ ಅಲ್ವಾ?" ಅಂತೀರಿ. ಹೌದು, ಅಟ್ಟಿಸಿಕೊಂಡು ಹೋದರೆ ತೊಂದರೆ. ಗೂಡಿನ ಹತ್ತಿರವಂತೂ ಹೋಗಲೇಬಾರದು. ನಾನು ಹೇಳ್ತಿರೋದು ಹಕ್ಕಿ ತಾನಾಗೇ ಬರೋ ಜಾಗದಲ್ಲಿ ಕಾಯೋದು. ಹಾಲುವಾಣ ಹೂ ಬಿಟ್ಟಾಗ ಸೂರಕ್ಕಿ, ಕಾಜಾಣ ಎಲ್ಲ ಅಲ್ಲೇ. ಅತ್ತಿ ಹಣ್ಣಾದರೆ ಕುಟುರ ಹಕ್ಕಿ ಅಲ್ಲೇ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಸಿ 600ರಲ್ಲಿ ತೆಗೆಯೋರು ಈ ವಿಷಯದಲ್ಲಿ ನಮಗೆ ಪಾಠ ಹೇಳೋದು ಬೇಡ.

ಎರಡನೇ ಮಾತು ಬೆಳಕಿನದು. ನಮ್ಮ ಕಾಫಿ ಬೆಳೆಯೋದೇ ಮರದ ನೆರಳಲ್ಲಿ. ಇಲ್ಲಿ ಕಮ್ಮಿ ಬೀಳೋದು ಎಂಎಂ ಅಲ್ಲ, ಬೆಳಕು. 2020ರಲ್ಲಿ ಕ್ಯಾನನ್‌ನವರು ಆರ್‌ಎಫ್ 600 ಎಂಎಂ ಎಫ್/11 ಅಂತ ಅಗ್ಗದ ಪ್ರೈಮ್ ಒಂದನ್ನು ತಂದರು. ತೂಕ ಬರೀ 930 ಗ್ರಾಂ. ಅಯ್ಯನಕೆರೆ ಏರಿ ಮೇಲೆ ಬಿಸಿಲಲ್ಲಿ ನಿಂತು ತೆಗೆಯೋಕೆ ಒಳ್ಳೇದೇ. ತೋಟದೊಳಗೆ? ಎಫ್/4ರಲ್ಲಿ 1/500 ಸೆಕೆಂಡಿಗೆ ಐಎಸ್‌ಒ 800 ಸಾಕಾಗೋ ಕಡೆ ಎಫ್/11ಕ್ಕೆ ಐಎಸ್‌ಒ 6400 ಬೇಕು. ಟ್ಯಾಮ್ರಾನ್, ಸಿಗ್ಮಾದವರ 150-600 ಝೂಮ್‌ಗಳೂ 600ಕ್ಕೆ ಎಳೆದಾಗ ಎಫ್/6.3, ತೂಕ ಎರಡು ಕೇಜಿ ಹತ್ತಿರ. ಬಯಲಿಗೆ ಅವು ಸರಿ. ನೆರಳಿಗೆ 300 ಎಂಎಂ ಎಫ್/4 ಪ್ರೈಮೇ ಸರಿ ಅಂತ ನನ್ನ ವಾದ.

ಹಾಗಾದ್ರೆ ಯಾವುದು? ನಿಕಾನ್‌ನವರು 2000ದಲ್ಲಿ ತಂದ ಎಎಫ್-ಎಸ್ 300 ಎಂಎಂ ಎಫ್/4 ಡಿ. ಕ್ಯಾನನ್‌ನವರು 1997ರಲ್ಲಿ ತಂದ ಇಎಫ್ 300 ಎಂಎಂ ಎಫ್/4 ಐಎಸ್. ಎರಡೂ ಒಂದೂವರೆ ಮೀಟರ್ ಹತ್ತಿರದವರೆಗೂ ಫೋಕಸ್ ಆಗ್ತವೆ, ಚಿಟ್ಟೆಗೂ ಆಯ್ತು. 1.4 ಕನ್ವರ್ಟರ್ ಹಾಕಿದರೆ 420 ಎಂಎಂ ಎಫ್/5.6. ಈಗ ಇವೆರಡೂ ಹೊಸದಾಗಿ ತಯಾರಾಗೋದಿಲ್ಲ, ಸೆಕೆಂಡ್ ಹ್ಯಾಂಡೇ ಗತಿ. ಕೈಗೆಟುಕೋದೂ ಅದೇ ಕಾರಣಕ್ಕೆ! ಮಿರರ್‌ಲೆಸ್ ಬಂತು ಅಂತ ಕೆಲವರು ಹಳೇ ಲೆನ್ಸ್ ಮಾರ್ತಾರೆ. ತಮಾಷೆ ಅಂದ್ರೆ, ಅದೇ ಕಂಪನಿಯ ಅಡಾಪ್ಟರ್ ಹಾಕಿದರೆ ಈ ಎರಡೂ ಮಿರರ್‌ಲೆಸ್ ಮೇಲೂ ಆಟೋಫೋಕಸ್ ಆಗ್ತವೆ. ಒಂದೇ ಎಚ್ಚರ: ನಿಕಾನ್‌ನಲ್ಲಿ ಇದಕ್ಕೂ ಹಳೆಯ ಎಎಫ್ 300 ಎಫ್/4 ಒಂದಿದೆ. ಅದರೊಳಗೆ ಮೋಟಾರಿಲ್ಲ. ಡಿ3000, ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಅದು ಆಟೋಫೋಕಸ್ ಆಗಲ್ಲ.

ಕೊಳ್ಳುವಾಗ ಲೆನ್ಸಿನ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆ ಥರ ಕಂಡರೆ ಅದು ಫಂಗಸ್, ಕೈಮುಗಿದು ಎದ್ದು ಬನ್ನಿ. ಫೋಕಸ್ ಮೋಟಾರು ಕಿರುಗುಟ್ಟಿದರೂ ಅಷ್ಟೇ, ರಿಪೇರಿ ಖರ್ಚು ನಿಮ್ಮ ತಲೆ ಮೇಲೆ. ಮನೆಗೆ ತಂದ ಮೇಲೆ ನಮ್ಮ ಮಳೆಗಾಲ ಇದೆಯಲ್ಲ, ಅದು ಹತ್ತು ಲಕ್ಷದ ಲೆನ್ಸನ್ನೂ ಬಿಡಲ್ಲ. ಬೀರುವಿನಲ್ಲಿ ಬಟ್ಟೆ ಸುತ್ತಿ ಇಡೋದು ಅಂದ್ರೆ ಬೂಸ್ಟಿಗೆ ಆಮಂತ್ರಣ ಕೊಟ್ಟಂಗೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ, ತೇವ ಆರಿಸಿ ಮತ್ತೆ ಹಾಕಿ. ಅಡುಗೆ ಪಾತ್ರೆ ಬೇಡ, ಅದಕ್ಕೇ ಅಂತ ಒಂದು ಹಳೇ ತಗಡು ಇಟ್ಕೊಳ್ಳಿ.

ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿದ್ದುಕೊಂಡು ಹಕ್ಕಿ ಫೋಟೋ ತೆಗೆಯೋಕೆ ಶುರು ಮಾಡಿದ್ದು ಫಿಲ್ಮ್ ಕಾಲದಲ್ಲಿ. ಒಂದು ರೋಲಿಗೆ 36 ಫೋಟೋ, ತೊಳೆಸಿ ನೋಡೋತನಕ ಬಂದಿದೆಯೋ ಇಲ್ಲವೋ ಗೊತ್ತಿಲ್ಲ. 2007ರಲ್ಲಿ ಅವರು ತೀರಿಕೊಂಡರು. ಈಗಲೂ ಅವರ ಹೆಸರು ಹೇಳಿಕೊಂಡೇ ಎಷ್ಟೋ ಜನ ಕ್ಯಾಮೆರಾ ಹಿಡೀತಾರೆ. ಆದರೆ ಅವರು ಫೋಟೋ ಅಷ್ಟೇ ಬಿಟ್ಟು ಹೋಗಲಿಲ್ಲ, ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಬರೆದರು. ಇವತ್ತು ನಮ್ಮ ತೋಟದ ಹಕ್ಕಿ ಫೋಟೋಗಳ ಕೆಳಗೆ ಎಷ್ಟು ಕಡೆ ಕನ್ನಡದ ಹೆಸರಿರುತ್ತೆ, ನೀವೇ ನೋಡಿ. ಲೆನ್ಸಿನ ಹೆಸರು ಮಾತ್ರ ತಪ್ಪದೆ ಇರುತ್ತೆ! ಪಿಕಳಾರ, ಬಾಲದಂಡೆ, ಮಿಂಚುಳ್ಳಿ ಅಂತ ಬಾಯ್ತುಂಬ ಕರೆಯೋ ಹುಡುಗನ ಕೈಗೆ ಕ್ಯಾಮೆರಾ ಬರದಿದ್ದರೆ ಆ ಹೆಸರುಗಳನ್ನು ಫೋಟೋ ಕೆಳಗೆ ಬರೆಯೋರು ಯಾರು?

ಅದಕ್ಕೇ ಗೆಳೆಯರೇ, ನಿಮ್ಮಲ್ಲಿ ಯಾರಾದರೂ ಹಳೇ 300 ಎಫ್/4 ಬೀರುವಿನಲ್ಲಿ ಇಟ್ಟು ಬೂಸ್ಟು ಬೆಳೆಸ್ತಾ ಇದ್ದರೆ, ಈ ಕಡೆಯ ಒಬ್ಬ ಹುಡುಗನಿಗೋ ಹುಡುಗಿಗೋ ನ್ಯಾಯವಾದ ರೇಟಿಗೆ ಕೊಡಿ. ಅದು ಆಗದಿದ್ದರೆ, ಕೇಳಿದವರಿಗೆ ಹತ್ತು ಲಕ್ಷದ ಲೆಕ್ಕವನ್ನಾದರೂ ಹೇಳಬೇಡಿ.

ಏನಂತೀರಿ? ಇಲ್ಲ ಅನ್ನೋರು ಜಗಳಕ್ಕೆ ಬನ್ನಿ, ಕಾಫಿ ನನ್ನ ಲೆಕ್ಕದಲ್ಲಿ.