ಮುಖ ಕಾಣದ ಮೈದಾನ

ಕಳೆದ ತಿಂಗಳು ಚನ್ನಪಟ್ಟಣ ತಾಲ್ಲೂಕಿನ ರೇಷ್ಮೆ ಬೆಳೆಗಾರರೊಬ್ಬರು ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿ, ಹಾಗೆಯೇ ಶಾಲೆಗೆ ಬಂದರು. “ಮೇಷ್ಟ್ರೇ, ನಮ್ ಹುಡ್ಗ ಮನೇಲಿ ಗಟ್ಟಿಯಾಗಿ ಮಾತಾಡೋನಲ್ಲ. ರಾತ್ರಿ ಮೊಬೈಲಲ್ಲಿ ಆಟ ಆಡ್ತಾ ಯಾರಿಗೋ ಕೆಟ್ಟಕೆಟ್ಟದಾಗಿ ಬೈತಿದ್ದ. ನನ್ ಕಿವೀನೇ ನಂಬಕ್ಕಾಗ್ಲಿಲ್ಲ” ಎಂದರು.

ಹುಡುಗ ಒಂಬತ್ತನೇ ತರಗತಿ. ಪ್ರಯೋಗಾಲಯದಲ್ಲಿ ಬೀಕರ್ ಒಡೆದರೆ ಕಣ್ಣೀರು ಹಾಕುವವನು. ಕರೆದು ಕೇಳಿದೆ: “ಆ ಕಡೆ ಇದ್ದವನು ಯಾರಪ್ಪಾ?” “ಗೊತ್ತಿಲ್ಲ ಸಾರ್. ಧ್ವನಿ ಚಿಕ್ಕ ಹುಡುಗನ ಥರ ಇತ್ತು. ಆಮೇಲೆ ಆಟ ಬಿಟ್ಟು ಹೋದ.”

ಬಸ್ ನಿಲ್ದಾಣದಲ್ಲಿ ಎದುರು ನಿಂತಿದ್ದರೆ ಇವನು ಆ ಮಾತು ಆಡುತ್ತಿದ್ದನೆ? ಖಂಡಿತ ಇಲ್ಲ. ಎದುರಿನವರ ಮುಖ ಕಾಣದು, ನಮ್ಮ ಹೆಸರು ಅವರಿಗೆ ತಿಳಿಯದು ಎಂದಾಗ ನಾಲಿಗೆಯ ಕಡಿವಾಣ ಸಡಿಲವಾಗುತ್ತದೆ. ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ.

ಆಟದ ಕಂಪನಿಗಳು ಸುಮ್ಮನೆ ಕುಳಿತಿವೆಯೆ? ಇಲ್ಲ. ಅವರ ಮೊದಲ ಸಾಧನ ಪದಗಳ ಜರಡಿ. ಬೈಗುಳದ ಪಟ್ಟಿಯಲ್ಲಿರುವ ಪದ ಬಂದರೆ ಕಂಪ್ಯೂಟರ್ ಅದನ್ನು ತಡೆಯುತ್ತದೆ. ಆದರೆ ಮಕ್ಕಳು ಒಂದು ಅಕ್ಷರದ ಜಾಗಕ್ಕೆ ಅಂಕಿ ಹಾಕಿ, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ನುಸುಳುತ್ತಾರೆ. ಜರಡಿಯ ಕಣ್ಣು ತೀರಾ ಸಣ್ಣದಾದರೆ ಒಳ್ಳೆಯದೂ ಸಿಕ್ಕಿಕೊಳ್ಳುತ್ತದೆ. 1996ರಲ್ಲಿ ಇಂಗ್ಲೆಂಡಿನ ಸ್ಕಂತೋರ್ಪ್ ಊರಿನವರಿಗೆ ಅಮೆರಿಕ ಆನ್‌ಲೈನ್ ಕಂಪನಿಯ ಖಾತೆ ತೆರೆಯಲಾಗಲಿಲ್ಲ. ಊರಿನ ಹೆಸರಿನ ನಡುವೆ ಒಂದು ಕೆಟ್ಟ ಪದ ಅಡಗಿತ್ತು! ನಮ್ಮ ಕಡೆ “ಏನ್ಲಾ” ಎಂದರೆ ಗೆಳೆಯನಿಗೆ ಸಲುಗೆ, ಅಪರಿಚಿತನಿಗೆ ಅವಮಾನ. ಈ ವ್ಯತ್ಯಾಸ ಯಂತ್ರಕ್ಕೆ ಸುಲಭವಾಗಿ ತಿಳಿಯದು.

ಆದ್ದರಿಂದ ಆಟಗಾರರ ದೂರೂ ಬೇಕು, ಹಂತ ಹಂತದ ಶಿಕ್ಷೆಯೂ ಬೇಕು. ಕಬಡ್ಡಿ ನೋಡಿ: ಹಸಿರು ಕಾರ್ಡ್ ಎಚ್ಚರಿಕೆ, ಹಳದಿಗೆ ಎರಡು ನಿಮಿಷ ಹೊರಗೆ, ಕೆಂಪಿಗೆ ಪಂದ್ಯದಿಂದಲೇ ಹೊರಗೆ. ಆನ್‌ಲೈನ್ ಆಟಗಳಲ್ಲೂ ಹೀಗೆಯೇ ಎಚ್ಚರಿಕೆ, ಕೆಲಕಾಲ ಬಾಯಿ ಬಂದ್, ಕೊನೆಗೆ ಖಾತೆ ರದ್ದು.

ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. ‘ಲೀಗ್ ಆಫ್ ಲೆಜೆಂಡ್ಸ್’ ಆಟದ ರಾಯಟ್ ಗೇಮ್ಸ್ ಕಂಪನಿ ಎದುರಾಳಿ ತಂಡದೊಡನೆ ಮಾತಾಡುವ ಚಾಟನ್ನು ಮೊದಲಿಗೇ ಮುಚ್ಚಿಟ್ಟು, ಬೇಕಾದವರು ತೆರೆದುಕೊಳ್ಳಿ ಎಂದಿತು. 2013ರಲ್ಲಿ ಅದು ತಿಳಿಸಿದಂತೆ, ಮಾತುಕತೆಯ ಒಟ್ಟು ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಕೆಟ್ಟ ಮಾತು ಮಾತ್ರ ಸುಮಾರು ಮೂರನೇ ಒಂದು ಭಾಗ ಇಳಿಯಿತು. ಬಾಗಿಲು ತೆರೆಯುವ ಆ ಒಂದು ಕ್ಷಣದ ಯೋಚನೆಗೆ ಅಷ್ಟು ಶಕ್ತಿ!

“ಮೊಬೈಲ್ ಒಡೆದು ಹಾಕ್ಲಾ ಮೇಷ್ಟ್ರೇ?” ಎಂದು ತಂದೆ ಕೇಳಿದರು. ಬೇಡ ಎಂದೆ. ಒಡೆದರೆ ಹುಡುಗ ಗೆಳೆಯನ ಮೊಬೈಲಿನಲ್ಲಿ ಆಡುತ್ತಾನೆ, ನಿಮ್ಮ ಕಿವಿಗೆ ಬೀಳುವುದೂ ನಿಲ್ಲುತ್ತದೆ. ಆಟ ನಡುಮನೆಯಲ್ಲಿ ನಡೆಯಲಿ, ಇಯರ್‌ಫೋನ್ ಬೇಡ. ಪಕ್ಕದಲ್ಲಿ ಕುಳಿತು ಒಂದು ಆಟ ನೀವೂ ನೋಡಿ.

ವಿದ್ಯಾರ್ಥಿಗಳೇ, ಯಾರಾದರೂ ಬೈದರೆ ತಿರುಗಿ ಬೈಯಬೇಡಿ. ಮೊದಲು ಪರದೆಯ ಚಿತ್ರ ತೆಗೆದಿಡಿ. ನಂತರ ಮ್ಯೂಟ್, ಬ್ಲಾಕ್, ರಿಪೋರ್ಟ್. ಬೆದರಿಕೆ ಹಾಕಿದರೆ, ಫೋಟೋ ಅಥವಾ ಹಣ ಕೇಳಿದರೆ ಅಪ್ಪ-ಅಮ್ಮನಿಗೆ ತಕ್ಷಣ ಹೇಳಿ. ಮಕ್ಕಳ ಸಹಾಯವಾಣಿ 1098. ಆನ್‌ಲೈನಿನಲ್ಲಿ ಹಣ ಕಳೆದುಕೊಂಡರೆ 1930.

ನಮ್ಮ ಹುಡುಗನಿಗೆ ತಪ್ಪಿನ ಅರಿವಾಗಿದೆ. ಮೊನ್ನೆ ಬಂದು, “ಅವನಿಗೆ ಸಾರಿ ಹೇಳ್ಬೇಕು ಸಾರ್” ಎಂದ. ಹೇಗೆ ಹೇಳುವುದು? ಆ ಚಿಕ್ಕವನ ಆಟದ ಹೆಸರೂ ಇವನಿಗೆ ನೆನಪಿಲ್ಲ. ಮುಂದೆ ಸಿಗುವ ಅಪರಿಚಿತನೊಡನೆ ಮರ್ಯಾದೆಯಿಂದ ಆಡು ಎಂದಷ್ಟೇ ಹೇಳಿ ಕಳಿಸಿದೆ.