ವಿಜ್ಞಾನದ ಮೂಲೆ: ತೂಕವುಂಟು, ಮೂಳೆಗೆ ಬಲವುಂಟೆ?

ಕಳೆದ ಫೆಬ್ರವರಿಯಲ್ಲಿ ನಮ್ಮತ್ತೆಯವರು ಇಟಾಸ್ಕಾದ ನಮ್ಮ ಮನೆಯ ಮುಂದೆ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಪಾದದ ಕೀಲಿನ ಮೂಳೆ ಮುರಿದುಕೊಂಡರು. ನೋಡಲು ಬಂದ ಕನ್ನಡ ಬಂಧುಗಳೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಮೈಕೈ ತುಂಬಿಕೊಂಡಿದ್ದಾರೆ, ಇವರ ಮೂಳೆ ಹೇಗೆ ಮುರೀತು?" ಮುರಿದ ಕಾಲಿಗಿಂತ ಆ ಪ್ರಶ್ನೆಯೇ ಅವರನ್ನು ಹೆಚ್ಚು ನೋಯಿಸಿತೆಂದು ಕಾಣುತ್ತದೆ. ನಾನು ರಸಾಯನಶಾಸ್ತ್ರದವನು, ವೈದ್ಯನಲ್ಲ. ಆದರೂ ಸುಮ್ಮನಿರಲಾಗದೆ ಒಂದಿಷ್ಟು ಓದಿದೆ.

ಪ್ರಶ್ನೆ ಪೂರ್ತಿ ತಪ್ಪಲ್ಲ. ಭಾರ ಹೊತ್ತ ಮೂಳೆ ಸಾಂದ್ರವಾಗುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ಕೊಬ್ಬಿನಲ್ಲೇ ಸ್ವಲ್ಪ ಈಸ್ಟ್ರೊಜನ್ ತಯಾರಾಗಿ ಮೂಳೆಯ ಸವೆತವನ್ನು ತಡೆಯುತ್ತದೆ. ದಪ್ಪಗಿರುವವರಿಗೆ ಮೂಳೆ ಮುರಿಯುವ ಭಯ ಕಡಿಮೆಯೆಂದು ವೈದ್ಯರೂ ಬಹುಕಾಲ ನಂಬಿದ್ದರು. ಆದರೆ ಹತ್ತು ದೇಶಗಳ ಸುಮಾರು 60,000 ಹೆಂಗಸರ 'ಗ್ಲೋ' ಅಧ್ಯಯನ 2011ರಲ್ಲಿ ಬೇರೆ ಮಾತು ಹೇಳಿತು. ಸ್ಥೂಲಕಾಯದವರಲ್ಲಿ ಮಣಿಕಟ್ಟು ಮುರಿಯುವುದು ಕಡಿಮೆ, ಪಾದದ ಕೀಲು ಮುರಿಯುವುದು ಹೆಚ್ಚು. ನಮ್ಮತ್ತೆಯವರದೂ ಅದೇ ತಾನೆ!

ಆದ್ದರಿಂದ ತಕ್ಕಡಿಯ ಅಂಕಿಯೊಂದನ್ನೇ ನೋಡಿದರೆ ಸಾಲದು, ಆ ತೂಕ ಯಾತರದೆಂದು ಕೇಳಬೇಕು. ಸ್ನಾಯು ಎಳೆದಷ್ಟೂ ಮೂಳೆ ಗಟ್ಟಿಯಾಗುತ್ತದೆ. ಕರುಳಿನ ಸುತ್ತ ಕೂತ ಕೊಬ್ಬು ಹಾಗಲ್ಲ. ಅದು ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಟ್ಟು, ಮೂಳೆ ಕರಗಿಸುವ ಜೀವಕೋಶಗಳನ್ನು ಹುರಿದುಂಬಿಸುತ್ತದೆ. ಇನ್ನೊಂದು ಸ್ವಾರಸ್ಯ: ಮೂಳೆಯ ಮಜ್ಜೆಯಲ್ಲಿ ಕೊಬ್ಬಿನ ಕೋಶವೂ ಮೂಳೆ ಕಟ್ಟುವ ಕೋಶವೂ ಒಂದೇ ತಾಯಿಕೋಶದ ಮಕ್ಕಳು. ತಾಯಿ ಒಬ್ಬರ ಕಡೆ ವಾಲಿದರೆ ಇನ್ನೊಬ್ಬರಿಗೆ ಖೋತಾ.

"ನಾನೇನು ದಪ್ಪಗಿಲ್ಲ" ಎಂದು ಪುಟ ತಿರುವಬೇಡಿ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಫೋಟೋ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಬಿ.ಎಂ.ಐ., ಇಬ್ಬರದೂ 22.3. ಆದರೆ ಆಂಗ್ಲರ ಮೈಯಲ್ಲಿ ಕೊಬ್ಬು ಶೇಕಡಾ 9.1, ನಮ್ಮವರದು 21.2! ನಮ್ಮ ಶಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯವೂ ಸೇರಿ 2010ರಲ್ಲಿ ಆರಂಭಿಸಿದ 'ಮಸಾಲಾ' ಅಧ್ಯಯನದಲ್ಲೂ (ಹೆಸರು ನಿಜಕ್ಕೂ ಅದೇ) ದಕ್ಷಿಣ ಏಷ್ಯಾದವರಿಗೆ ಸ್ನಾಯು ಕಡಿಮೆ, ಯಕೃತ್ತಿನಲ್ಲಿ ಕೊಬ್ಬು ಹೆಚ್ಚೆಂದು ಕಂಡಿತು.

ಇದರ ಮೇಲೆ ನಮ್ಮ ಚಳಿಗಾಲ ಬೇರೆ. ಶಿಕಾಗೋ, ಡೆಟ್ರಾಯಿಟ್ ಎರಡೂ ಹೆಚ್ಚುಕಡಿಮೆ ಬಾಸ್ಟನ್ನಿನ ಅಕ್ಷಾಂಶದಲ್ಲೇ ಇವೆ. ಅಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗಿನ ಬಿಸಿಲಿಗೆ ಚರ್ಮದಲ್ಲಿ 'ಡಿ' ಜೀವಸತ್ವ ಹುಟ್ಟುವುದಿಲ್ಲವೆಂದು 1988ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಇದ್ದಬದ್ದ 'ಡಿ'ಯನ್ನೂ ಮೈಯ ಕೊಬ್ಬು ಹಿಡಿದಿಟ್ಟುಕೊಳ್ಳುತ್ತದೆ. ಅದಿಲ್ಲದೆ ರಾಗಿಯ ಕ್ಯಾಲ್ಸಿಯಂ ಕೂಡ ಸರಿಯಾಗಿ ಮೈಗೆ ಹತ್ತದು. ಊರಿನಿಂದ ಚೀಲಗಟ್ಟಲೆ ರಾಗಿಹಿಟ್ಟು ತರಿಸುವವರು (ನಮ್ಮ ಮನೆಯೂ ಸೇರಿ) ಇದನ್ನು ಗಮನಿಸಬೇಕು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅತ್ತೆಯವರು ತೂಕ ಇಳಿಸುತ್ತೇನೆಂದು ರಾತ್ರಿಯೂಟ ಬಿಟ್ಟರು. ನಾನು ಬೇಡವೆಂದೆ. ಅಮೆರಿಕದ ಸ್ಥೂಲಕಾಯದ ಹಿರಿಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪಥ್ಯದ ಜೊತೆ ನಡಿಗೆಯಂಥ ವ್ಯಾಯಾಮ ಮಾತ್ರ ಮಾಡಿದವರ ಸೊಂಟದ ಮೂಳೆಯ ಸಾಂದ್ರತೆ ಆರು ತಿಂಗಳಲ್ಲಿ ಶೇಕಡಾ 3ರಷ್ಟು ಇಳಿದಿತ್ತು. ಪಥ್ಯದ ಜೊತೆ ಭಾರ ಎತ್ತಿದವರಲ್ಲಿ ಇಳಿದದ್ದು ಅದರ ಆರನೇ ಒಂದು ಪಾಲು ಮಾತ್ರ, ಎಂದರೆ ಶೇಕಡಾ 0.5. ವೈದ್ಯರೂ ಊಟ ಬಿಡಬೇಡಿ, ಕಾಲಿಗೆ ಬಲ ಬರಿಸಿಕೊಳ್ಳಿ ಎಂದರು.

ಈಗ ಬೆಳಿಗ್ಗೆ ಇಡ್ಲಿ ಬೇಯುವಷ್ಟು ಹೊತ್ತು ಅವರು ಊಟದ ಮೇಜಿನ ಕುರ್ಚಿಯಿಂದ ಕೈಯೂರದೆ ಎದ್ದು ಕೂರುತ್ತಾರೆ. ಲೆಕ್ಕ ನಮ್ಮ ಮಗಳದು, ಕನ್ನಡದಲ್ಲಿ. ಆರರ ನಂತರ ಅವಳು "ಏಳು" ಎಂದಾಗಲೆಲ್ಲ "ಏಳ್ತಾನೇ ಇದೀನಲ್ಲೇ!" ಎಂದು ಗದರುತ್ತಾರೆ.